ಲೆಕ್ಕದಲ್ಲಿ ನೂರಕ್ಕೆ ನಾಲ್ಕು, ಬದುಕಿನಲ್ಲಿ ಎಷ್ಟು?

(ಕೃಷಿ ಮತ್ತು ದೇಶದ ಆರ್ಥಿಕತೆ ಕುರಿತು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಕೃಷಿಯ ಮಹತ್ವದ ಬಗ್ಗೆ ಮಾತಾಡಿ ಅಂತ ಸಂಘಟಕರು ಹೇಳಿದಾಗ ನನಗೆ ಸ್ವಲ್ಪ ಮುಜುಗರವೇ ಆಯಿತು. ಈ ವಿಷಯದಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ರೈತನೇ ದೇಶದ ಬೆನ್ನೆಲುಬು ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಮನೆಗೆ ಹೋಗುತ್ತಾರೆ. ಹಾಗಾಗಿ ಜಗಳ ಹುಟ್ಟಿಸುವ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಇಡೀ ಜಗತ್ತಿನ ಒಟ್ಟು ಉತ್ಪನ್ನವನ್ನು, ಅಂದರೆ ಜಿಡಿಪಿಯನ್ನು, ನೂರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಕೃಷಿಯ ಪಾಲು ಸುಮಾರು 4. ಮೀನುಗಾರಿಕೆ, ಅರಣ್ಯ ಎರಡನ್ನೂ ಸೇರಿಸಿದ ಲೆಕ್ಕ ಇದು. ಶ್ರೀಮಂತ ದೇಶಗಳಲ್ಲಿ ಇದು 1 ಅಥವಾ 2ಕ್ಕೆ ಇಳಿದಿದೆ. ಹಾಗಿದ್ದರೆ ಆರ್ಥಿಕತೆಯ ದೃಷ್ಟಿಯಿಂದ ಕೃಷಿ ಒಂದು ಚಿಲ್ಲರೆ ವಿಷಯ ಅಲ್ವಾ? ಸಚಿವಾಲಯಗಳಲ್ಲಿ, ಬ್ಯಾಂಕುಗಳಲ್ಲಿ ಕುಳಿತ ಎಷ್ಟೋ ಬುದ್ಧಿವಂತರು ಬಾಯಿಬಿಟ್ಟು ಹೇಳದಿದ್ದರೂ ಹೀಗೇ ಯೋಚಿಸುತ್ತಾರೆ. ದಡ್ಡತನದಿಂದ ಅಲ್ಲ. ಅಂಕಿ ಅವರ ಕಣ್ಣೆದುರಿಗೇ ಇದೆ.

ಆ ಅಂಕಿ ಸುಳ್ಳಲ್ಲ. ಆದರೆ ಅದು ಏನನ್ನು ಅಳೆಯುತ್ತದೆ ಅನ್ನುವುದನ್ನು ನಾವು ತಪ್ಪಾಗಿ ತಿಳಿದಿದ್ದೇವೆ ಅಂತ ನನ್ನ ವಾದ. ಜಿಡಿಪಿ ಅಳೆಯುವುದು ಬೆಲೆಯನ್ನು. ಒಂದು ವಸ್ತು ಧಾರಾಳವಾಗಿ ಸಿಕ್ಕರೆ ಅದರ ಬೆಲೆ ಇಳಿಯುತ್ತದೆ, ಲೆಕ್ಕದಲ್ಲಿ ಅದರ ಪಾಲೂ ಇಳಿಯುತ್ತದೆ. ಕೃಷಿಯ ಪಾಲು ನೂರಕ್ಕೆ ನಾಲ್ಕು ಆಗಿರುವುದು ಕೃಷಿ ಗೆದ್ದಿದ್ದರಿಂದ. ಅದು ಸೋತ ದಿನ ಬೆಲೆ ಹೇಗೆ ಹಾರುತ್ತದೆ ಅನ್ನುವುದು ಚರಿತ್ರೆಯಲ್ಲಿ ದಾಖಲಾಗಿದೆ.

2020ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕೋವಿಡ್ ಬಂತು, ವಿಮಾನ ನಿಂತವು, ಹೋಟೆಲು ಮುಚ್ಚಿದವು, ಕಾರ್ಖಾನೆಗಳಿಗೆ ಬೀಗ ಬಿತ್ತು. ಜಗತ್ತಿನ ಉತ್ಪನ್ನ ಆ ವರ್ಷ ನೂರಕ್ಕೆ ಸುಮಾರು 3ರಷ್ಟು ಕುಸಿಯಿತು. ಕಷ್ಟವಾಯಿತು, ತುಂಬಾ ಜನ ಕೆಲಸ ಕಳೆದುಕೊಂಡರು. ಆದರೂ ಅದನ್ನು ದಾಟಿ ಬಂದೆವು. ಈಗ ಆ ಮೂರರ ಬದಲು ಕೃಷಿಯ ನಾಲ್ಕು ಒಂದು ವರ್ಷ ನಿಂತಿತು ಅಂದುಕೊಳ್ಳಿ. ನಷ್ಟ ನೂರಕ್ಕೆ ನಾಲ್ಕು ಅಂತ ಯಾರಾದರೂ ಹೇಳುತ್ತಾರಾ? ಉಳಿದ 96 ಎಷ್ಟು ವಾರ ನಡೆಯುತ್ತದೆ? ದಾಸ್ತಾನು ಮುಗಿಯುವವರೆಗೆ, ಅಷ್ಟೇ.

ಇದು ಹೊಸ ವಿಚಾರವೇನಲ್ಲ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಗ್ರೆಗರಿ ಕಿಂಗ್ ಅಂತ ಒಬ್ಬ ಲೆಕ್ಕಿಗನಿದ್ದ. ಅವನ ಹೆಸರಿನಲ್ಲಿ ಒಂದು ಪಟ್ಟಿ ಇದೆ. 1699ರಲ್ಲಿ ಚಾರ್ಲ್ಸ್ ಡ್ಯಾವನೆಂಟ್ ಅದನ್ನು ಪ್ರಕಟಿಸಿದ. ಫಸಲು ಮಾಮೂಲಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಹತ್ತರಲ್ಲಿ ಎರಡು ಕಡಿಮೆಯಾದರೆ ಏರಿಕೆ ಎಂಟು ಪಾಲು. ಅರ್ಧ ಫಸಲು ಹೋದರೆ ಮೊದಲಿನ ಬೆಲೆಯ ಮೇಲೆ ಇನ್ನೂ ನಾಲ್ಕೂವರೆ ಪಟ್ಟು ಸೇರಿಕೊಳ್ಳುತ್ತದೆ. ಈ ಅಂಕಿಗಳು ಇವತ್ತಿಗೂ ಅಕ್ಷರಶಃ ಸರಿ ಅಂತ ನಾನು ಹೇಳುತ್ತಿಲ್ಲ. ಅವುಗಳ ನಡೆ ನೋಡಿ. ಫಸಲು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ ಬೆಲೆ ಮೂರ್ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರುತ್ತದೆ.

ಯಾಕೆ ಹೀಗೆ? ಬಟ್ಟೆ ದುಬಾರಿಯಾದರೆ ಹಳೆಯದನ್ನೇ ಇನ್ನೊಂದು ವರ್ಷ ಉಡಬಹುದು. ಪ್ರವಾಸ ದುಬಾರಿಯಾದರೆ ಮನೆಯಲ್ಲೇ ಇರಬಹುದು. ಊಟವನ್ನು ಮುಂದಿನ ವರ್ಷಕ್ಕೆ ಹಾಕುವುದಕ್ಕೆ ಆಗುವುದಿಲ್ಲ. ಹಾಗಾಗಿ ಕೊರತೆ ಬಂದಾಗ ಎಲ್ಲರೂ ಬೇರೆ ಖರ್ಚು ಬಿಟ್ಟು ಆಹಾರದ ಹಿಂದೆ ಬೀಳುತ್ತಾರೆ. ಸಿನಿಮಾ, ಮೊಬೈಲು, ಪೀಠೋಪಕರಣ, ಎಲ್ಲದರ ವ್ಯಾಪಾರವೂ ಬೀಳುತ್ತದೆ. ಹೊಲದಲ್ಲಿ ಶುರುವಾದ ತೊಂದರೆ ಹೊಲಕ್ಕೆ ಸಂಬಂಧವೇ ಇಲ್ಲದ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಇದೇ ಪಟ್ಟಿಯನ್ನು ತಿರುಗಿಸಿ ಓದಿದರೆ ರೈತನ ಗೋಳು ಗೊತ್ತಾಗುತ್ತದೆ. ಫಸಲು ಹತ್ತರಲ್ಲಿ ಒಂದು ಪಾಲು ಜಾಸ್ತಿ ಬಂತು ಅಂದರೆ ಜನ ಹತ್ತರಲ್ಲಿ ಒಂದು ಪಾಲು ಜಾಸ್ತಿ ತಿನ್ನುವುದಿಲ್ಲ. ಹೊಟ್ಟೆ ಇರುವುದು ಒಂದೇ. ಬೆಲೆ ಧಡ್ ಅಂತ ಬೀಳುತ್ತದೆ. ಚೆನ್ನಾಗಿ ಬೆಳೆದ ವರ್ಷವೇ ರೈತನ ಕೈಗೆ ಕಾಸು ಕಡಿಮೆ. ಬೇರೆ ಯಾವ ಉದ್ಯಮದಲ್ಲಿ, ಹೇಳಿ, ಎಲ್ಲರೂ ಒಟ್ಟಿಗೆ ಚೆನ್ನಾಗಿ ಕೆಲಸ ಮಾಡಿದರೆ ಎಲ್ಲರಿಗೂ ಒಟ್ಟಿಗೆ ನಷ್ಟವಾಗುತ್ತದೆ? ಜಗತ್ತಿನ ಬಹುತೇಕ ಎಲ್ಲ ಸರ್ಕಾರಗಳೂ ಕೃಷಿಯಲ್ಲಿ ಒಂದಲ್ಲ ಒಂದು ರೀತಿ ಕೈಹಾಕುವುದಕ್ಕೆ ಮೂಲ ಕಾರಣ ಇದು. ಯುರೋಪಿನ ದೇಶಗಳು 1962ರಲ್ಲಿ ಒಟ್ಟಾಗಿ ಒಂದು ಕೃಷಿ ನೀತಿ ಮಾಡಿಕೊಂಡವು. ಅರವತ್ತು ವರ್ಷ ದಾಟಿದರೂ ಯುರೋಪಿಯನ್ ಒಕ್ಕೂಟದ ಬಜೆಟ್ಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತಿದೆ. ಮುಕ್ತ ಮಾರುಕಟ್ಟೆಯ ಪಾಠ ಹೇಳುವ ಶ್ರೀಮಂತರೇ ಹೀಗೆ ಮಾಡುತ್ತಾರೆ ಅನ್ನುವುದನ್ನು ಮರೆಯಬೇಡಿ.

ಮನೆಯ ಲೆಕ್ಕಕ್ಕೆ ಬರೋಣ. 1857ರಲ್ಲಿ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್‌ಸ್ಟ್ ಎಂಗೆಲ್ ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಹಿಡಿದು ಕೂತ. ಕುಟುಂಬ ಬಡವಾದಷ್ಟೂ ಆದಾಯದಲ್ಲಿ ಊಟದ ಪಾಲು ಜಾಸ್ತಿ ಅನ್ನುವುದು ಅವನಿಗೆ ಕಂಡಿತು. ದೇಶಗಳಿಗೂ ಇದೇ ಮಾತು ಒಪ್ಪುತ್ತದೆ. ಅಮೆರಿಕದಲ್ಲಿ ಮನೆಯ ಅಡುಗೆಗೆ ಕೊಳ್ಳುವ ಪದಾರ್ಥಕ್ಕೆ ಮನೆಖರ್ಚಿನ ನೂರರಲ್ಲಿ 7ರ ಆಸುಪಾಸು ಹೋಗುತ್ತದೆ. ನೈಜೀರಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಆಹಾರದ ಬೆಲೆ ನೂರಕ್ಕೆ ಇಪ್ಪತ್ತು ಏರಿದರೆ ಮೊದಲನೆಯವರು ಗೊಣಗುತ್ತಾರೆ. ಎರಡನೆಯವರು ಮಗುವನ್ನು ಶಾಲೆಯಿಂದ ಬಿಡಿಸುತ್ತಾರೆ, ಔಷಧಿ ನಿಲ್ಲಿಸುತ್ತಾರೆ, ಸಾಲ ಮಾಡುತ್ತಾರೆ.

ಊಟದ ಖರ್ಚು ಕಡಿಮೆಯಾದಾಗಲೇ ಉಳಿದ ಆರ್ಥಿಕತೆ ಹುಟ್ಟುವುದು. ಕೈಯಲ್ಲಿ ಉಳಿದ ದುಡ್ಡು ಬಟ್ಟೆಗೆ, ಓದಿಗೆ, ಮನೆಗೆ, ಮನರಂಜನೆಗೆ ಹೋಗುತ್ತದೆ. ಆ ಕೆಲಸ ಮಾಡುವುದಕ್ಕೆ ಜನವೂ ಬೇಕಲ್ಲ? ಅವರು ಬರುವುದೂ ಹೊಲದಿಂದಲೇ. 1900ರಲ್ಲಿ ಅಮೆರಿಕದ ದುಡಿಯುವವರಲ್ಲಿ ನೂರಕ್ಕೆ ಸುಮಾರು 40 ಜನ ಹೊಲದಲ್ಲಿದ್ದರು. ಈಗ 2 ಜನವೂ ಇಲ್ಲ. ಉಳಿದ 38 ಜನ ಡಾಕ್ಟರು, ಎಂಜಿನಿಯರು, ಲಾರಿ ಚಾಲಕರು, ಮೇಷ್ಟ್ರು ಆದರು. ಈ ಇಬ್ಬರು ಎಲ್ಲರಿಗೂ ಸಾಕಾಗುವಷ್ಟು ಬೆಳೆಯುವುದರಿಂದ ಮಾತ್ರ ಅವರು ಬೇರೆ ಕೆಲಸ ಮಾಡಬಹುದು.

ಇನ್ನೊಂದು ಮಾತು. ಹೊಲದ ಪಾಲು ಅಂತ ನಾವು ಬರೆದುಕೊಳ್ಳುವುದು ಹೊಲದ ಬದುವಿನವರೆಗೆ ಮಾತ್ರ. ಧಾನ್ಯ ಗಿರಣಿಗೆ ಹೋದ ತಕ್ಷಣ ಅದು ಕಾರ್ಖಾನೆ ಲೆಕ್ಕ. ಲಾರಿ ಹತ್ತಿದರೆ ಸಾರಿಗೆ ಲೆಕ್ಕ. ಅಂಗಡಿಗೆ ಬಂದರೆ ವ್ಯಾಪಾರ. ಬ್ಯಾಂಕಿನ ಬೆಳೆ ಸಾಲ ಹಣಕಾಸು ಸೇವೆ. ಅಮೆರಿಕದಲ್ಲಿ ಹೊಲದ ಪಾಲು ಜಿಡಿಪಿಯ ನೂರರಲ್ಲಿ 1ರಷ್ಟೂ ಇಲ್ಲ. ಆಹಾರಕ್ಕೆ, ಕೃಷಿ ಸರಕಿಗೆ ಸಂಬಂಧಪಟ್ಟ ಉದ್ಯಮಗಳನ್ನೆಲ್ಲ ಸೇರಿಸಿದರೆ ಅದು 5 ದಾಟುತ್ತದೆ, ಆ ದೇಶದ ಕೆಲಸಗಳಲ್ಲಿ ಹತ್ತರಲ್ಲಿ ಒಂದು ಅಲ್ಲೇ ಇದೆ. ಹತ್ತಿ ಇಲ್ಲದೆ ನೂಲಿನ ಗಿರಣಿ ಇಲ್ಲ. ವಿಮಾನದ ಟೈರಿಗೆ ಇವತ್ತಿಗೂ ಮರದಿಂದ ಇಳಿಸಿದ ರಬ್ಬರೇ ಬೇಕು, ಬರೀ ಕೃತಕ ರಬ್ಬರು ಆ ಶಾಖ, ಆ ಹೊಡೆತ ತಡೆಯುವುದಿಲ್ಲ.

ಹಾಗಂತ ಈ ಸರಪಳಿಯಲ್ಲಿ ರೈತನಿಗೆ ಎಷ್ಟು ಸಿಗುತ್ತದೆ? ಅಮೆರಿಕದ ಗ್ರಾಹಕ ಆಹಾರಕ್ಕೆ ಕೊಡುವ ಒಂದು ಡಾಲರಿನಲ್ಲಿ ಬೆಳೆದವನಿಗೆ ಮುಟ್ಟುವುದು ಸುಮಾರು 15 ಸೆಂಟ್. ಉಳಿದದ್ದು ದಾರಿಯಲ್ಲಿ. ದಲ್ಲಾಳಿಗಳನ್ನು ಸುಮ್ನೆ ಬೈಯುವುದು ಸುಲಭ. ಶೇಖರಣೆ, ಸಾಗಣೆ, ಸಂಸ್ಕರಣೆ ಎಲ್ಲವೂ ನಿಜವಾದ ಕೆಲಸಗಳೇ. ಆದರೆ ನಷ್ಟ ಬಂದಾಗ ಅದರಲ್ಲಿ ದೊಡ್ಡ ಪಾಲು ಹೊರುವವನು ಆ 15 ಸೆಂಟಿನವನು. ಇದು ಎಲ್ಲೋ ಸರಿಯಿಲ್ಲ ಅನ್ನಿಸುತ್ತದೆ ನನಗೆ.

ಈಗ ಸ್ವಲ್ಪ ನಿಧಾನವಾಗಿ ಚೀನಾದ ಕಥೆ ನೋಡೋಣ. ಕೃಷಿಯನ್ನು ಕಡೆಗಣಿಸಿದರೆ ಏನಾಗುತ್ತದೆ, ಗಮನ ಕೊಟ್ಟರೆ ಏನಾಗುತ್ತದೆ, ಎರಡಕ್ಕೂ ಒಂದೇ ದೇಶದಲ್ಲಿ, ಒಂದೇ ತಲೆಮಾರಿನಲ್ಲಿ ಉತ್ತರ ಸಿಗುತ್ತದೆ.

1958ರಲ್ಲಿ ಮಾವೋ ಸರ್ಕಾರ ಮಹಾ ಜಿಗಿತ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಕಬ್ಬಿಣ, ಉಕ್ಕಿನ ಉತ್ಪಾದನೆಯಲ್ಲಿ ಶ್ರೀಮಂತ ದೇಶಗಳನ್ನು ಹಿಂದೆ ಹಾಕಬೇಕು ಅನ್ನುವ ಹಟ. ಹಳ್ಳಿ ಹಳ್ಳಿಯಲ್ಲಿ ಕುಲುಮೆ ಎದ್ದವು. ಹೊಲದಲ್ಲಿರಬೇಕಾದ ಜನ ಕುಲುಮೆ ಮುಂದೆ ನಿಂತರು. ಕೆಲವು ಕಡೆ ಕೊಯ್ಲು ಮಾಡುವವರಿಲ್ಲದೆ ಪೈರು ನಿಂತಲ್ಲೇ ಹಾಳಾಯಿತು. ಜಮೀನು ಕಮ್ಯೂನಿನದ್ದು, ಅಂದರೆ ಎಲ್ಲರೂ ಒಟ್ಟಾಗಿ ದುಡಿಯುವ ಸಾಮೂಹಿಕ ವ್ಯವಸ್ಥೆಯದ್ದು, ಫಸಲೂ ಕಮ್ಯೂನಿನದ್ದು. ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಇಳುವರಿ ಬರೆದು ಕಳಿಸಿದರು. ಆ ಸುಳ್ಳು ಲೆಕ್ಕದ ಮೇಲೆ ನಿಜವಾದ ಧಾನ್ಯವನ್ನು ಸರ್ಕಾರ ವಸೂಲಿ ಮಾಡಿತು. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಸತ್ತವರು ಕನಿಷ್ಠ ಒಂದೂವರೆ ಕೋಟಿ. ಹಲವು ಅಂದಾಜುಗಳಲ್ಲಿ ಮೂರು ಕೋಟಿ. ಆ ಕುಲುಮೆಗಳ ಉಕ್ಕಿನಲ್ಲಿ ಬಹುಪಾಲು ಉಪಯೋಗಕ್ಕೂ ಬರಲಿಲ್ಲ.

ಇಪ್ಪತ್ತು ವರ್ಷದ ನಂತರ, 1978ರ ಡಿಸೆಂಬರಿನಲ್ಲಿ, ಆನ್‌ಹುಯಿ ಪ್ರಾಂತದ ಶಿಯಾವೊಗಾಂಗ್ ಹಳ್ಳಿಯಲ್ಲಿ 18 ರೈತರು ಗುಟ್ಟಾಗಿ ಸೇರಿದರು. ಕಮ್ಯೂನಿನ ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಉಳಿದದ್ದು ಅವರವರಿಗೆ ಅಂತ ಒಂದು ಕಾಗದದ ಮೇಲೆ ಬರೆದು ಹೆಬ್ಬೆಟ್ಟು ಒತ್ತಿದರು. ಆಗ ಅದು ಜೈಲಿಗೆ ಹೋಗುವ ಅಪರಾಧ. ಯಾರಾದರೂ ಸಿಕ್ಕಿಬಿದ್ದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಅಂತಲೂ ಆ ಕಾಗದದಲ್ಲೇ ಇತ್ತು. ಮುಂದಿನ ಸುಗ್ಗಿಯಲ್ಲಿ ಆ ಹಳ್ಳಿಯ ಫಸಲು ಹಲವು ಪಟ್ಟು ಹೆಚ್ಚಿತು. ಅದೃಷ್ಟಕ್ಕೆ ಆಗ ಸುಧಾರಣೆಯ ನಾಯಕ ಡೆಂಗ್ ಷಿಯಾವೊಪಿಂಗ್ ಕಾಲ ಶುರುವಾಗಿತ್ತು. ಸರ್ಕಾರ ಶಿಕ್ಷಿಸುವ ಬದಲು ಅದೇ ಪದ್ಧತಿಯನ್ನು ದೇಶಕ್ಕೆಲ್ಲ ಹಬ್ಬಿಸಿತು, ಬೆಳೆಗೆ ಕೊಡುವ ಬೆಲೆಯನ್ನೂ ಏರಿಸಿತು. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ಧಾನ್ಯ 1984ರ ಹೊತ್ತಿಗೆ 40 ಕೋಟಿ ಟನ್ ದಾಟಿತು.

ಕಥೆಯ ಮುಖ್ಯ ಭಾಗ ಇನ್ನು ಮುಂದೆ ಇದೆ. ರೈತರ ಕೈಗೆ ದುಡ್ಡು ಬಂತು. ಅವರು ಮನೆ ಕಟ್ಟಿದರು, ಸೈಕಲ್ಲು, ಹೊಲಿಗೆ ಯಂತ್ರ ಕೊಂಡರು. ಆ ಬೇಡಿಕೆಗೆ ಹಳ್ಳಿಗಳಲ್ಲೇ ಸಣ್ಣ ಕಾರ್ಖಾನೆಗಳು ಹುಟ್ಟಿದವು. ಹೊಲದಲ್ಲಿ ಬೇಡವಾದ ಕೈಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ಜಗತ್ತಿನ ಕಾರ್ಖಾನೆ ಅಂತ ಇವತ್ತು ಕರೆಸಿಕೊಳ್ಳುವ ದೇಶದ ಏಳಿಗೆಯ ಮೊದಲ ಹಂತ ಹೊಲದಲ್ಲೇ ಇತ್ತು. ಹೊಲ ಬಿಟ್ಟು ನೇರವಾಗಿ ಉಕ್ಕಿಗೆ ಹೋದಾಗ ಉಕ್ಕೂ ಸಿಗಲಿಲ್ಲ, ಅನ್ನವೂ ಸಿಗಲಿಲ್ಲ. ಕೃಷಿಯಿಂದ ಬರುವ ಬೆಳವಣಿಗೆ ಬಡತನ ಇಳಿಸುವುದರಲ್ಲಿ ಬೇರೆ ವಲಯಗಳ ಬೆಳವಣಿಗೆಗಿಂತ ಕನಿಷ್ಠ ಎರಡು ಪಟ್ಟು ಪರಿಣಾಮಕಾರಿ ಅಂತ ವಿಶ್ವಬ್ಯಾಂಕ್ ತನ್ನ 2008ರ ಅಭಿವೃದ್ಧಿ ವರದಿಯಲ್ಲಿ ಹೇಳಿತ್ತು. ಬಡವರಲ್ಲಿ ಹೆಚ್ಚಿನವರು ಇರುವುದೇ ಹಳ್ಳಿಯಲ್ಲಿ, ದುಡಿಯುವುದೇ ಹೊಲದಲ್ಲಿ. ಇದರಲ್ಲಿ ಆಶ್ಚರ್ಯ ಏನಿದೆ?

ಭಾರತದ ಹಸಿರು ಕ್ರಾಂತಿ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. 1965, 66ರ ಬರಗಾಲ. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಆಮದಾಯಿತು, ಹೆಚ್ಚಿನದು ಅಮೆರಿಕದಿಂದ. ಹಡಗು ಯಾವಾಗ ಹೊರಡಬೇಕು ಅನ್ನುವುದನ್ನು ಅಧ್ಯಕ್ಷ ಜಾನ್ಸನ್ ಸ್ವತಃ ನೋಡಿಕೊಳ್ಳುತ್ತಿದ್ದರು. ವಿದೇಶಾಂಗ ನೀತಿಯಲ್ಲಿ ಬಾಯಿ ತೆರೆಯುವ ಮುಂಚೆ ಹಡಗಿನ ಕಡೆ ನೋಡಬೇಕಾದ ಸ್ಥಿತಿ. ಅದೇ ವರ್ಷ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂತು, ನಾರ್ಮನ್ ಬೋರ್ಲಾಗ್ ತಂಡ ಬೆಳೆಸಿದ ತಳಿ. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ 1970ರ ಹೊತ್ತಿಗೆ 2 ಕೋಟಿ ಟನ್ ಮುಟ್ಟಿತು. ಅದಕ್ಕೆ ತೆತ್ತ ಬೆಲೆ, ಅಂದರೆ ಅಂತರ್ಜಲ, ಮಣ್ಣು, ತಳಿ ವೈವಿಧ್ಯ, ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟಿದೆ.

ಸರಿ, ಬೆಳೆ ಚೆನ್ನಾಗಿದ್ದರೆ ಎಲ್ಲವೂ ಸರಿಯಾ? ಇಲ್ಲ. 2008ರ ಅಕ್ಕಿ ಬಿಕ್ಕಟ್ಟು ನನಗೆ ಬಹಳ ಇಷ್ಟವಾದ ಉದಾಹರಣೆ. ಇಷ್ಟ ಅನ್ನುವುದು ಸರಿಯಾದ ಮಾತಲ್ಲ, ಆದರೂ ಬಿಡಿ. ಆ ವರ್ಷ ಜಗತ್ತಿನ ಅಕ್ಕಿ ಫಸಲು ಚೆನ್ನಾಗೇ ಇತ್ತು. ಗೋಧಿ ಮತ್ತು ತೈಲದ ಬೆಲೆ ಏರುತ್ತಿತ್ತು. ಸ್ವಂತ ಜನಕ್ಕೆ ಕಮ್ಮಿಯಾಗಬಾರದು ಅಂತ ಭಾರತ ರಫ್ತಿಗೆ ತಡೆ ಹಾಕಿತು, ವಿಯೆಟ್ನಾಂ ಕೂಡ ಹಾಕಿತು. ಗಾಬರಿಯಾದ ಫಿಲಿಪ್ಪೀನ್ಸ್ ಎಷ್ಟಾದರೂ ಆಗಲಿ ಅಂತ ಕೊಳ್ಳಲು ಇಳಿಯಿತು. ಆಗ ಜಗತ್ತಿನಲ್ಲಿ ಬೆಳೆಯುವ ಅಕ್ಕಿಯಲ್ಲಿ ನೂರಕ್ಕೆ 7ರಷ್ಟು ಮಾತ್ರ ಗಡಿ ದಾಟುತ್ತಿತ್ತು. ಅಷ್ಟು ತೆಳುವಾದ ಮಾರುಕಟ್ಟೆಯಲ್ಲಿ ಇಬ್ಬರು ಬಾಗಿಲು ಹಾಕಿ ಒಬ್ಬ ಕೂಗಿಕೊಂಡರೆ ಸಾಕು. ಆರೇಳು ತಿಂಗಳಲ್ಲಿ ಬೆಲೆ ಸುಮಾರು ಮೂರು ಪಟ್ಟಾಯಿತು. ಆಹಾರದ ಬೆಲೆಯೇರಿಕೆಯ ಬಿಸಿ ದೂರದ ಹೈಟಿಗೂ ತಟ್ಟಿತು. ಅಲ್ಲಿ ಗಲಭೆಯಾಗಿ ಏಪ್ರಿಲಿನಲ್ಲಿ ಪ್ರಧಾನಿಯೇ ಹುದ್ದೆ ಕಳೆದುಕೊಂಡರು. ಕೊನೆಗೆ ಬೆಲೆ ಇಳಿದದ್ದು ಹೇಗೆ ಗೊತ್ತಾ? ಜಪಾನಿನ ಗೋದಾಮಿನಲ್ಲಿ ಆಮದು ಅಕ್ಕಿಯ ದೊಡ್ಡ ದಾಸ್ತಾನು ಇತ್ತು. ಅದನ್ನು ಹೊರಗೆ ಬಿಡುವ ಮಾತು ಕೇಳಿಬಂತು. ಅಕ್ಕಿ ಹಡಗು ಹತ್ತುವ ಮೊದಲೇ ಬೆಲೆ ಇಳಿಯತೊಡಗಿತು. ಕೊರತೆ ಇದ್ದದ್ದು ನಂಬಿಕೆಯಲ್ಲಿ.

ತುಂಬಿದ ಉಗ್ರಾಣ ಇದ್ದರೆ ಅದನ್ನು ಖರ್ಚು ಅಂತ ಕಾಣುವ ಹಣಕಾಸು ಅಧಿಕಾರಿಗಳಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ. ಕಾಳು ಹುಳು ಹಿಡಿಯುವಷ್ಟು ಪೇರಿಸಿಡಬೇಕು ಅಂತಲ್ಲ. ಆದರೆ ಉಗ್ರಾಣದಲ್ಲಿ ಇದೆ ಅನ್ನುವ ಸುದ್ದಿಯೇ ಅರ್ಧ ಕೆಲಸ ಮಾಡುತ್ತದೆ.

ಇನ್ನು ಗೊಬ್ಬರ. ಹೊಲ ಅಂದರೆ ಮಣ್ಣು, ಮಳೆ, ಎತ್ತು ಅಂತ ನಾವು ಚಿತ್ರ ಬರೆಯುತ್ತೇವೆ. ಇವತ್ತಿನ ಹೊಲಕ್ಕೆ ಹಿಂದುಗಡೆಯಿಂದ ಒಂದು ಗ್ಯಾಸ್ ಪೈಪು ಸೇರಿಕೊಂಡಿದೆ. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ಮಾಡುವ ದಾರಿಯನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದ. 1913ರಲ್ಲಿ ಜರ್ಮನಿಯ ಓಪೌನಲ್ಲಿ ಉತ್ಪಾದನೆ ಶುರುವಾಯಿತು. ಯೂರಿಯಾ ಬರುವುದು ಆ ಅಮೋನಿಯಾದಿಂದ. ಅದಕ್ಕೆ ಹೆಚ್ಚಾಗಿ ಬಳಸುವುದು ನೈಸರ್ಗಿಕ ಅನಿಲ. ಇವತ್ತಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಜನರ ಊಟ ಈ ಗೊಬ್ಬರದ ಮೇಲೆ ನಿಂತಿದೆ ಅಂತ ಅಂದಾಜು.

2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಇಡೀ ದೇಶ ಸಾವಯವಕ್ಕೆ ಹೋಗಬೇಕು ಅಂತ ಘೋಷಣೆ. ಡಾಲರು ಉಳಿಸುವ ಲೆಕ್ಕವೂ ಅದರ ಹಿಂದೆ ಇತ್ತು. ಸಾವಯವ ಕೃಷಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಣ್ಣನ್ನು ಹಾಗೆ ಬದಲಾಯಿಸಲು ವರ್ಷಗಳು ಬೇಕು. ಸಾಕಷ್ಟು ಸಾವಯವ ಗೊಬ್ಬರ ಕೈಯಲ್ಲಿರಬೇಕು, ರೈತನಿಗೆ ತರಬೇತಿ ಬೇಕು. ಅಲ್ಲಿ ಇದ್ದದ್ದು ಒಂದು ಹಂಗಾಮಿಗಿಂತ ಕಡಿಮೆ ಸಮಯ. ಭತ್ತದ ಇಳುವರಿ ಬಿತ್ತು, ಡಾಲರು ತರುತ್ತಿದ್ದ ಚಹಾಕ್ಕೂ ಪೆಟ್ಟು ಬಿತ್ತು. ನವೆಂಬರಿನಲ್ಲಿ ಆದೇಶ ಹಿಂತೆಗೆದುಕೊಂಡರೂ ತಡವಾಗಿತ್ತು. ಉಳಿಸಬೇಕೆಂದಿದ್ದ ಡಾಲರನ್ನು ಅಕ್ಕಿ ಆಮದಿಗೆ ಸುರಿಯಬೇಕಾಯಿತು. 2022ರಲ್ಲಿ ಆ ದೇಶದ ಆರ್ಥಿಕತೆ ಕುಸಿದದ್ದಕ್ಕೆ ವಿದೇಶಿ ಸಾಲ, ತೆರಿಗೆ ಕಡಿತ, ಪ್ರವಾಸೋದ್ಯಮದ ಹೊಡೆತ ಎಲ್ಲವೂ ಕಾರಣ. ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟುವುದು ಅನ್ಯಾಯ. ಆದರೆ ದೇಶ ಮೊದಲೇ ತತ್ತರಿಸುತ್ತಿದ್ದಾಗ ಅದರ ಊಟದ ಮೇಲೇ ಕೈಯಿಟ್ಟರು.

ಅದರ ಹಿಂದೆಯೇ ಉಕ್ರೇನ್ ಯುದ್ಧ. ರಷ್ಯಾ, ಉಕ್ರೇನ್ ಎರಡೂ ಸೇರಿ ಜಗತ್ತಿನ ಗೋಧಿ ರಫ್ತಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೊಡುತ್ತಿದ್ದವು. 2022ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕ ಅಲ್ಲಿಯವರೆಗಿನ ದಾಖಲೆ ಎತ್ತರಕ್ಕೆ ಹೋಯಿತು. ಅನಿಲದ ಬೆಲೆ ಏರಿ ಯುರೋಪಿನ ಅಮೋನಿಯಾ ಕಾರ್ಖಾನೆಗಳು ಕೆಲವು ಉತ್ಪಾದನೆ ಇಳಿಸಿದವು, ಕೆಲವು ನಿಲ್ಲಿಸಿಯೇ ಬಿಟ್ಟವು. ಬೆಲೆಯೇರಿಕೆ ತಡೆಯಲು ಹಲವು ದೇಶಗಳ ಕೇಂದ್ರ ಬ್ಯಾಂಕುಗಳು ಬಡ್ಡಿ ಏರಿಸಿದವು. ಸಾವಿರಾರು ಮೈಲಿ ಆಚೆ ಮನೆ ಸಾಲ ಕಟ್ಟುವವನ ಕಂತು ಹೆಚ್ಚಾಗುವುದರ ಹಿಂದೆ ಕಪ್ಪು ಸಮುದ್ರದ ಬಂದರಿನಲ್ಲಿ ಸಿಕ್ಕಿಕೊಂಡ ಗೋಧಿಯೂ ಇತ್ತು.

ನಾನು ಮೊದಲಿಗೆ ನೂರಕ್ಕೆ ನಾಲ್ಕು ಅಂದೆ. ಅದರ ಜೊತೆ ಹೇಳದೆ ಬಿಟ್ಟ ಇನ್ನೊಂದು ಅಂಕಿ ಇದೆ. ಜಗತ್ತಿನ ದುಡಿಯುವ ಜನರಲ್ಲಿ ಸುಮಾರು ಕಾಲು ಭಾಗ ಕೃಷಿಯಲ್ಲಿದ್ದಾರೆ. ಕಾಲು ಭಾಗ ಜನ, ನಾಲ್ಕು ಪಾಲು ಆದಾಯ. ಈ ಎರಡು ಅಂಕಿಗಳ ನಡುವಿನ ಅಂತರವೇ ರೈತನ ಬಡತನ. ಜಗತ್ತಿನ ಹಿಡುವಳಿಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಎರಡು ಹೆಕ್ಟೇರಿಗಿಂತ ಚಿಕ್ಕವು. ಅವೇ ಜಗತ್ತಿನ ಆಹಾರದಲ್ಲಿ ಮೂರನೇ ಒಂದು ಪಾಲನ್ನು ಬೆಳೆಯುತ್ತವೆ. ಅಷ್ಟು ಬೆಳೆದವರ ಮನೆಯಲ್ಲೇ ಎಷ್ಟೋ ಕಡೆ ಅರೆಹೊಟ್ಟೆ. ಆಹಾರ ಇದ್ದರೆ ಸಾಲದು, ಕೊಳ್ಳುವ ಶಕ್ತಿ ಬೇಕು ಅಂತ ಅಮರ್ತ್ಯ ಸೇನ್ ತೋರಿಸಿಕೊಟ್ಟರು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಮೊದಲು ಸತ್ತವರಲ್ಲಿ ಹೊಲದ ಕೂಲಿಗಳು, ಮೀನುಗಾರರೇ ಹೆಚ್ಚು. ಅವರ ಕೂಲಿ ಏರಲಿಲ್ಲ, ಅಕ್ಕಿಯ ಬೆಲೆ ಏರಿತು.

ಹಾಗಿದ್ದರೆ ಏನು ಮಾಡಬೇಕು? ಎಲ್ಲ ದೇಶಕ್ಕೂ ಹೊಂದುವ ಔಷಧಿ ನನ್ನ ಹತ್ತಿರ ಇಲ್ಲ. ಆದರೆ ದುಡ್ಡು ಎಲ್ಲಿ ಹಾಕಬೇಕು ಅಂತ ಕೇಳಿದರೆ ಎರಡು ಜಾಗ ತೋರಿಸುತ್ತೇನೆ. ಒಂದು, ಸಂಶೋಧನೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾದದ್ದು 1960ರಲ್ಲಿ, ಐಆರ್8 ಅನ್ನುವ ಹೆಚ್ಚು ಇಳುವರಿಯ ಭತ್ತದ ತಳಿ ಬಂದದ್ದು 1966ರಲ್ಲಿ. ಆರು ವರ್ಷದ ಕೆಲಸ ಏಷ್ಯಾದ ಲೆಕ್ಕವನ್ನೇ ಬದಲಾಯಿಸಿತು. ಎರಡು, ಕೊಯ್ಲಿನ ನಂತರದ ವ್ಯವಸ್ಥೆ. ಕೊಯ್ಲಾದ ಮೇಲೆ ಅಂಗಡಿ ಮುಟ್ಟುವ ಮುನ್ನವೇ ಜಗತ್ತಿನ ಆಹಾರದಲ್ಲಿ ನೂರಕ್ಕೆ ಸುಮಾರು 13ರಷ್ಟು ಹಾಳಾಗುತ್ತದೆ. ಅದನ್ನು ಬೆಳೆಯಲು ಹಾಕಿದ ನೀರು, ಗೊಬ್ಬರ, ಬೆವರು ಎಲ್ಲವೂ ಅದರ ಜೊತೆಗೆ. ಒಣಗಿಸುವ ಕಣ, ಗೋದಾಮು, ಶೀತಲ ಗೃಹ, ಸರಿಯಾದ ರಸ್ತೆ. ಇವು ಭಾಷಣಕ್ಕೆ ಒಗ್ಗುವ ವಿಷಯಗಳಲ್ಲ, ಉದ್ಘಾಟನೆಗೆ ದೊಡ್ಡವರು ಬರುವುದಿಲ್ಲ. ಆದರೆ ಒಂದು ತಿಂಗಳು ತಡೆದು ಮಾರುವ ಶಕ್ತಿ ಬಂದರೆ ರೈತನ ಆದಾಯದಲ್ಲಿ ಆಗುವ ವ್ಯತ್ಯಾಸವನ್ನು ಸಬ್ಸಿಡಿ ಮಾಡಲಾರದು.

ಇಷ್ಟು ಹೇಳಿ ಮುಗಿಸಿದ್ದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಯುವಕ ಕೇಳಿದರು: "ಸಾರ್, ನಮ್ಮ ವಯಸ್ಸಿನವರೆಲ್ಲ ಹೊಲ ಬಿಟ್ಟು ಹೋಗುತ್ತಿದ್ದೇವೆ. ಇದನ್ನು ತಡೀಬೇಕಾ?"

ತಡೆಯುವುದಕ್ಕೆ ನಾವು ಯಾರು? ಅಮೆರಿಕದ 40 ಜನ ಇಬ್ಬರಾದದ್ದೂ ಹೀಗೆ ಹೋಗಿಯೇ. ಜನ ಹೋಗುವುದರಲ್ಲಿ ತಪ್ಪಿಲ್ಲ. ಅವರು ಎಲ್ಲಿಗೆ ಹೋಗುತ್ತಾರೆ, ಹಿಂದೆ ಯಾರು ಉಳಿಯುತ್ತಾರೆ ಅನ್ನುವುದನ್ನು ಕೇಳಬೇಕು. ಒಳ್ಳೆಯ ಕೆಲಸ ಸಿಕ್ಕಿ ಹೋದರೆ ಅದು ಬೆಳವಣಿಗೆ. ಸಾಲಕ್ಕೆ ಹೆದರಿ ಹೋಗಿ ನಗರದಲ್ಲಿ ದಿನಗೂಲಿ ಹುಡುಕಿದರೆ ಅದು ಬೇರೆ. ಜಪಾನಿನಲ್ಲಿ ರೈತರ ಸರಾಸರಿ ವಯಸ್ಸು 70ರ ಹತ್ತಿರ ಬಂದಿದೆ. ಅಷ್ಟು ಶ್ರೀಮಂತ ದೇಶದಲ್ಲೂ ಹೊಲ ಯಾರಿಗೆ ಒಪ್ಪಿಸುವುದು ಅನ್ನುವುದಕ್ಕೆ ಉತ್ತರ ಸಿಕ್ಕಿಲ್ಲ. ಹೊಲದಲ್ಲಿ ಉಳಿಯುವವನಿಗೆ ಊರಲ್ಲಿ ಮರ್ಯಾದೆ, ಕೈಯಲ್ಲಿ ಆದಾಯ ಎರಡೂ ಇದ್ದರೆ ಕೆಲವರು ಉಳಿಯುತ್ತಾರೆ. ಎಲ್ಲರೂ ಉಳಿಯಬೇಕಾಗಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಮೇಡಂ ಎದ್ದು ನಿಂತರು: "ಸಿಂಗಾಪುರದಲ್ಲಿ ಕೃಷಿಯೇ ಇಲ್ಲ. ಅವರು ಚೆನ್ನಾಗೇ ಇದ್ದಾರಲ್ಲ? ದುಡ್ಡಿದ್ದರೆ ಕೊಂಡುಕೊಳ್ಳಬಹುದಲ್ವಾ?"

ಒಳ್ಳೆಯ ಪ್ರಶ್ನೆ. ಸಿಂಗಾಪುರ ತನ್ನ ಆಹಾರದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿಯನ್ನು ಆಮದು ಮಾಡಿಕೊಳ್ಳುತ್ತದೆ. ಆದರೆ ಅದು ನೂರಕ್ಕೂ ಹೆಚ್ಚು ದೇಶಗಳಿಂದ ಕೊಳ್ಳುತ್ತದೆ, ದೊಡ್ಡ ಬಂದರಿದೆ, ಅಕ್ಕಿ ಆಮದು ಮಾಡುವವರು ಕಡ್ಡಾಯವಾಗಿ ಇಂತಿಷ್ಟು ದಾಸ್ತಾನು ಇಡಬೇಕು ಅನ್ನುವ ನಿಯಮವಿದೆ. ಕೃಷಿ ಇಲ್ಲವೆನ್ನುವಷ್ಟು ಕಡಿಮೆ ಇರುವ ದೇಶ ಕೃಷಿಯ ಬಗ್ಗೆ ಎಷ್ಟು ಯೋಚಿಸುತ್ತದೆ ನೋಡಿ. ಕತಾರ್ ಹತ್ತಿರವೂ ದುಡ್ಡಿತ್ತು. 2017ರ ಜೂನಿನಲ್ಲಿ ನೆರೆಯ ದೇಶಗಳು ಗಡಿ ಮುಚ್ಚಿದಾಗ ಹಾಲಿನ ಕಪಾಟುಗಳು ಖಾಲಿಯಾದವು. ಆಮೇಲೆ ಹಸುಗಳನ್ನು ವಿಮಾನದಲ್ಲಿ ತಂದರು.

ಹಾಗಂತ ಎಲ್ಲವನ್ನೂ ನಾವೇ ಬೆಳೆಯಬೇಕು ಅನ್ನುವುದೂ ಅಪಾಯವೇ. ಸೌದಿ ಅರೇಬಿಯಾ 1980ರ ದಶಕದಲ್ಲಿ ಮರುಭೂಮಿಯಲ್ಲಿ ಗೋಧಿ ಬೆಳೆಯಲು ಹೊರಟಿತು. ಸರ್ಕಾರ ಜಗತ್ತಿನ ದರಕ್ಕಿಂತ ಎಷ್ಟೋ ಪಟ್ಟು ಕೊಟ್ಟು ಕೊಂಡುಕೊಂಡಿತು. 1990ರ ದಶಕದ ಆರಂಭಕ್ಕೆ ಗೋಧಿ ರಫ್ತು ಮಾಡುವ ದೊಡ್ಡ ದೇಶಗಳ ಸಾಲಿನಲ್ಲಿ ಅದರ ಹೆಸರು ಬಂತು. ಬಳಸಿದ್ದು ಸಾವಿರಾರು ವರ್ಷಗಳ ಹಿಂದೆ ನೆಲದಡಿ ಸೇರಿದ ನೀರು, ಮತ್ತೆ ತುಂಬದ ನೀರು. 2008ರಲ್ಲಿ ಇನ್ನು ಸಾಕು ಅಂತ ತೀರ್ಮಾನಿಸಿ 2016ರ ಹೊತ್ತಿಗೆ ಸರ್ಕಾರದ ಗೋಧಿ ಖರೀದಿ ನಿಲ್ಲಿಸಿದರು. ಸೌದಿಯ ಡೈರಿ ಹಸುಗಳಿಗೆ ಮೇವು ಬೇಕಿತ್ತು, ಅದಕ್ಕೂ ನೀರು ಬೇಕು. ಅಲ್ಲಿನ ಒಂದು ಡೈರಿ ಕಂಪನಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಹಿಡಿದು ಮೇವು ಬೆಳೆದು ಹಡಗಿನಲ್ಲಿ ತರಿಸಿಕೊಂಡಿತು. ಅದು ಕೂಡ ಮರುಭೂಮಿಯೇ. ಅಲ್ಲೂ ಅಂತರ್ಜಲದ ಜಗಳ ಎದ್ದು, 2023ರಲ್ಲಿ ರಾಜ್ಯ ಸರ್ಕಾರ ತಾನು ಗುತ್ತಿಗೆಗೆ ಕೊಟ್ಟಿದ್ದ ಜಮೀನನ್ನು ವಾಪಸ್ ಪಡೆಯುವ ಕ್ರಮಕ್ಕೆ ಇಳಿಯಿತು.